ಸಾಮಾಜಿಕ ಮನೋವಿಜ್ಞಾನ ಮತ್ತು ದಿನನಿತ್ಯದ ನಡವಳಿಕೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ

ಸಾಮಾಜಿಕ ಮನೋವಿಜ್ಞಾನ: ಒಬ್ಬರ ಆಲೋಚನೆ, ಭಾವನೆ, ನಡವಳಿಕೆಗಳನ್ನು ಸುತ್ತಲಿನ ಜನ ಹೇಗೆ ರೂಪಿಸುತ್ತಾರೆ ಎಂಬುದನ್ನು ಪ್ರಯೋಗ, ವೀಕ್ಷಣೆಗಳಿಂದ ತಿಳಿಯುವ ಶಾಸ್ತ್ರ. ಎದುರಿಗೆ ನಿಂತವರು ಮಾತ್ರವಲ್ಲ, 'ನಾಲ್ಕು ಮಂದಿ ಏನಂದಾರು' ಎಂದು ನಾವು ಮನಸ್ಸಿನಲ್ಲೇ ಕೂರಿಸಿಕೊಂಡ ನಾಲ್ಕು ಮಂದಿಯೂ ಈ ಲೆಕ್ಕಕ್ಕೆ ಸೇರುತ್ತಾರೆ. ಬಿತ್ತನೆಗೆ ಬೀಜ ಆರಿಸುವುದು, ಸಂಘದ ಕಂತು ಕಟ್ಟುವುದು, ಬೈಕ್ ಹತ್ತುವಾಗ ಹೆಲ್ಮೆಟ್ ಮರೆಯುವುದು, ಮೊಬೈಲಿಗೆ ಬಂದ ಸುದ್ದಿಯನ್ನು ಓದದೆಯೇ ಮುಂದಕ್ಕೆ ಕಳಿಸುವುದು ಎಲ್ಲವೂ ಒಬ್ಬೊಬ್ಬರ ಸ್ವಂತ ತೀರ್ಮಾನದಂತೆ ಕಾಣುತ್ತವೆ. ನೂರಿಪ್ಪತ್ತು ವರ್ಷಗಳಿಗೂ ಮೀರಿದ ಸಂಶೋಧನೆ ತೋರಿಸಿರುವುದು ಬೇರೆ: ಇವುಗಳಲ್ಲಿ ಬಹುಪಾಲು ಸಂದರ್ಭದ ಕೂಸುಗಳು. ಆದ್ದರಿಂದ ನಡವಳಿಕೆ ಬದಲಾಗಬೇಕಾದರೆ ವ್ಯಕ್ತಿಯನ್ನು ಬೈದು ತಿದ್ದುವುದಕ್ಕಿಂತ ಅವನು ನಿಂತ ಸಂದರ್ಭವನ್ನು ತಿದ್ದುವುದು ಹೆಚ್ಚು ಫಲ ಕೊಡುತ್ತದೆ. ಗುಂಪಿನ ಈ ಬಲವನ್ನು ಮರ್ಯಾದೆ ಕಳೆಯುವ ಆಯುಧವಾಗಿ ಬಳಸಿದಾಗ ಅದು ಏನಾಗುತ್ತದೆ ಎಂಬುದಕ್ಕೂ ಈ ಸೀಮೆಯಲ್ಲೇ ಸಾಕ್ಷ್ಯವಿದೆ.

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡಿತು. 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಸುಮಾರು 16 ಲಕ್ಷ. ಅವರಲ್ಲಿ ಹೆಚ್ಚಿನವರು ಹಳ್ಳಿಗಳಲ್ಲಿದ್ದಾರೆ. ಬೆಂಗಳೂರು–ಪುಣೆ ಹೆದ್ದಾರಿಯ ಆಸುಪಾಸಿನಲ್ಲಿ ಸಾಲಾಗಿರುವ ಮೂರು ಊರುಗಳ ಗುಣ ಮೂರು ತೆರ. ಹಾವೇರಿಯದು ಜಿಲ್ಲಾ ಕಚೇರಿಗಳ ಬದುಕು, ರಾಣೆಬೆನ್ನೂರಿನದು ಬೀಜ ಮತ್ತು ಬಟ್ಟೆಯ ವ್ಯಾಪಾರ, ಬ್ಯಾಡಗಿಯದು ಮೆಣಸಿನಕಾಯಿ. ಜನ ಗುಂಪುಗೂಡುವ, ಒಬ್ಬರನ್ನೊಬ್ಬರು ನೋಡಿ ನಡೆಯುವ, ನಂಬುವ, ನಂಬಿಕೆ ಕಳೆದುಕೊಳ್ಳುವ ಘಟನೆಗಳು ಇಲ್ಲಿ ದಾಖಲಾದಷ್ಟು ನಿಚ್ಚಳವಾಗಿ ಎಲ್ಲ ಕಡೆಯೂ ಸಿಗುವುದಿಲ್ಲ.

ಶಾಸ್ತ್ರ ಬೆಳೆದ ಬಗೆ

ಸೈಕಲ್ ಸವಾರರು ಒಬ್ಬಂಟಿಯಾಗಿ ತುಳಿಯುವುದಕ್ಕಿಂತ ಜೊತೆಗಾರರಿದ್ದಾಗ ವೇಗವಾಗಿ ತುಳಿಯುತ್ತಾರೆ ಎಂಬುದನ್ನು ಗಮನಿಸಿ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ಪ್ರಕಟಿಸಿದ ಲೇಖನವನ್ನು ಈ ಶಾಸ್ತ್ರದ ಮೊದಲ ಪ್ರಯೋಗಗಳಲ್ಲಿ ಎಣಿಸುತ್ತಾರೆ. 1950ರ ದಶಕದ ಆರಂಭದಲ್ಲಿ ಸಾಲೊಮನ್ ಆಶ್, ಕಣ್ಣಿಗೆ ಕಾಣುವ ಗೆರೆಯ ಉದ್ದದ ವಿಷಯದಲ್ಲೂ ಸುತ್ತಲಿನವರೆಲ್ಲ ತಪ್ಪು ಹೇಳಿದರೆ ಸುಮಾರು ಮೂರನೆಯ ಒಂದು ಪಾಲು ಉತ್ತರಗಳು ಆ ತಪ್ಪಿನ ಕಡೆಗೇ ವಾಲುತ್ತವೆ ಎಂದು ತೋರಿಸಿದ. 1963ರಲ್ಲಿ ಪ್ರಕಟವಾದ ಸ್ಟಾನ್ಲಿ ಮಿಲ್‌ಗ್ರಾಂನ ಪ್ರಯೋಗದಲ್ಲಿ 40 ಜನರ ಪೈಕಿ 26 ಜನ, ಅಧಿಕಾರ ಸ್ಥಾನದಲ್ಲಿದ್ದವನ ಮಾತು ಕೇಳಿ ಇನ್ನೊಬ್ಬನಿಗೆ ಅತಿ ಹೆಚ್ಚಿನ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿಯೂ ಗುಂಡಿ ಒತ್ತಿದರು.

ಅನ್ವಯದ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದದ್ದು ಕರ್ಟ್ ಲೆವಿನ್‌ನ ಕೆಲಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗೃಹಿಣಿಯರು ಅಡುಗೆಗೆ ಬಳಸಲು ಹಿಂಜರಿಯುತ್ತಿದ್ದ ಹೃದಯ, ಮೂತ್ರಪಿಂಡದಂಥ ಮಾಂಸವನ್ನು ಬಳಕೆಗೆ ತರಬೇಕಾಗಿತ್ತು. ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3 ಜನ ಮಾತ್ರ ಅದನ್ನು ಮನೆಯಲ್ಲಿ ಬೇಯಿಸಿದರು. ಒಟ್ಟಿಗೆ ಕೂತು ಅಡ್ಡಿಗಳನ್ನು ತಾವೇ ಚರ್ಚಿಸಿ ಎಲ್ಲರೆದುರು ಕೈ ಎತ್ತಿ ನಿರ್ಧರಿಸಿದ ಗುಂಪುಗಳಲ್ಲಿ ಈ ಪ್ರಮಾಣ 32ಕ್ಕೆ ಏರಿತು. ಎರಡೂ ಕಡೆ ಕೊಟ್ಟ ಮಾಹಿತಿ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಇಂದಿಗೂ ಅರಿವು ಮೂಡಿಸುವ ಕಾರ್ಯಕ್ರಮವೆಂದರೆ ವೇದಿಕೆ, ಹಾರ, ಭಾಷಣ, ವಂದನಾರ್ಪಣೆ. ಈ ಒಂದು ಪ್ರಯೋಗವನ್ನು ತಾಲ್ಲೂಕು ಮಟ್ಟದ ಅಧಿಕಾರಿಗಳೆಲ್ಲ ಓದಬೇಕು.

ಭಾರತದಲ್ಲಿ ಮನೋವಿಜ್ಞಾನದ ಮೊದಲ ವಿಭಾಗ 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ತೆರೆಯಿತು. 1924ರಲ್ಲಿ ಮೈಸೂರಿನಲ್ಲಿ ಶುರುವಾದ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ, 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದವರೂ ಅವರೇ. ಸಾಮಾಜಿಕ ಮನೋವಿಜ್ಞಾನದ ಪಠ್ಯ ಬರೆದ ಬಿ. ಕುಪ್ಪುಸ್ವಾಮಿಯವರ ಹೆಸರು ಕುಟುಂಬಗಳ ಸಾಮಾಜಿಕ–ಆರ್ಥಿಕ ಮಟ್ಟ ಅಳೆಯುವ 1976ರ ಮಾಪನದ ಮೂಲಕ ಇಂದಿಗೂ ವೈದ್ಯಕೀಯ ಸಮೀಕ್ಷೆಗಳಲ್ಲಿ ಬಳಕೆಯಲ್ಲಿದೆ.

ಬ್ಯಾಡಗಿ ಪೇಟೆ: ಗುಂಪು ಸಿಟ್ಟಿಗೇಳುವುದು

ಬ್ಯಾಡಗಿ ಮೆಣಸಿನಕಾಯಿಯ ಹೆಸರು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣದಲ್ಲಿ ಸೋಮವಾರ ಮತ್ತು ಗುರುವಾರ ದೊಡ್ಡ ವ್ಯಾಪಾರ. ಹಾವೇರಿ ಜಿಲ್ಲೆಯಷ್ಟೇ ಅಲ್ಲ, ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದಲೂ ರೈತರು ಲಾರಿಗಳಲ್ಲಿ ಚೀಲ ಹೇರಿಕೊಂಡು ಬರುತ್ತಾರೆ. ದಲಾಲಿ ಅಂಗಡಿಗಳ ಮುಂದೆ ಕಡ್ಡಿ, ಡಬ್ಬಿ, ಗುಂಟೂರು ಎಂದು ಬಗೆ ಬಗೆಯಾಗಿ ಚೀಲಗಳು ಬಾಯಿ ತೆರೆದು ನಿಲ್ಲುತ್ತವೆ. ವರ್ತಕರು ಬಣ್ಣ, ತೇವಾಂಶ ನೋಡಿ ಇ–ಟೆಂಡರ್‌ನಲ್ಲಿ ದರ ನಮೂದಿಸುತ್ತಾರೆ. ನಿಗದಿತ ಹೊತ್ತು ಮುಗಿದ ಮೇಲೆ ದರ ಪ್ರಕಟವಾಗುತ್ತದೆ.

2024ರ ಮಾರ್ಚ್ 11, ಸೋಮವಾರ, ದರ ಹಿಂದಿನ ವಾರಕ್ಕಿಂತ ಹಠಾತ್ತಾಗಿ ಕುಸಿದದ್ದು ಕಂಡು ರೈತರು ಕೆರಳಿದರು. ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು; ಕಲ್ಲು ತೂರಾಟ ನಡೆಯಿತು, ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು, ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಇಂಥ ಘಟನೆ ನಡೆದಾಗ ಎರಡು ಮಾತು ತಕ್ಷಣ ಕೇಳಿಬರುತ್ತವೆ: ಗುಂಪಿಗೆ ತಲೆ ಇರುವುದಿಲ್ಲ, ಇಲ್ಲವೇ ಕಿಡಿಗೇಡಿಗಳ ಕೈವಾಡ. ಮೊದಲ ಮಾತಿಗೆ ಶಾಸ್ತ್ರದ ವೇಷ ತೊಡಿಸಿದವನು ಫ್ರಾನ್ಸಿನ ಗುಸ್ತಾವ್ ಲೆ ಬಾನ್. ಗುಂಪಿಗೆ ಸೇರಿದ ಮನುಷ್ಯ ವಿವೇಕ ಕಳೆದುಕೊಂಡು ಅನಾಗರಿಕನಾಗುತ್ತಾನೆಂದು ಅವನು 1895ರಲ್ಲಿ ಬರೆದ. ಸ್ಟೀಫನ್ ರೈಷರ್ 1980ರಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್‌ನಲ್ಲಿ ನಡೆದ ಗಲಭೆಯನ್ನು ಅಧ್ಯಯನ ಮಾಡಿ ಈ ವಾದವನ್ನು ಅಲುಗಾಡಿಸಿದ. ಅಲ್ಲಿಯ ಗುಂಪು ಕಂಡದ್ದಕ್ಕೆಲ್ಲ ಬೆಂಕಿ ಹಚ್ಚಲಿಲ್ಲ; ತಮ್ಮನ್ನು ಕಾಡಿದವರು ಯಾರೆಂದು ಜನ ಬಗೆದರೋ ಅವರ ಮೇಲೆ, ಅವರ ಸೊತ್ತಿನ ಮೇಲೆ ಏರಿಹೋದರು. ಗುಂಪಿನಲ್ಲಿ ವ್ಯಕ್ತಿ ತನ್ನತನ ಕಳೆದುಕೊಳ್ಳುವುದಿಲ್ಲ. 'ನಾನು' ಎಂಬುದರ ಜಾಗದಲ್ಲಿ 'ನಾವು' ಎಂಬುದು ಮುಂದೆ ಬರುತ್ತದೆ ಎಂಬುದು ಅವನ ತೀರ್ಮಾನ.

ಬ್ಯಾಡಗಿಯಲ್ಲಿ ಮುಖ್ಯ ಗುರಿ ಸಮಿತಿಯ ಕಚೇರಿಯೇ ಆಯಿತೆಂಬುದನ್ನು ಈ ಬೆಳಕಿನಲ್ಲಿ ನೋಡಬೇಕು. ಹಾಗೆಂದರೆ ಬೆಂಕಿಯನ್ನು ಸಮರ್ಥಿಸಿದಂತೆ ಅಲ್ಲ. ಅದು ಎಲ್ಲಿಂದ ಹುಟ್ಟಿತೆಂದು ಕೇಳಿದಂತೆ. ಮೂರು ಎಳೆಗಳು ಕಾಣುತ್ತವೆ. ಮನುಷ್ಯ ಲಾಭ ನಷ್ಟವನ್ನು ಸೊನ್ನೆಯಿಂದ ಅಳೆಯುವುದಿಲ್ಲ, ಕೈಗೆ ಬಂದೇ ಬರುತ್ತದೆ ಎಂದುಕೊಂಡ ಮೊತ್ತದಿಂದ ಅಳೆಯುತ್ತಾನೆ. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಸಂತೋಷಕ್ಕಿಂತ ಹೆಚ್ಚು ಎಂಬುದನ್ನು ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದರು. ಹೋದ ವಾರದ ದರ ಕೇಳಿ, ಲಾರಿ ಬಾಡಿಗೆ ಕೊಟ್ಟು, ಇನ್ನೂರು ಮುನ್ನೂರು ಕಿಲೊಮೀಟರ್ ಬಂದ ರೈತನಿಗೆ ಹೋದ ವಾರದ ದರವೇ ನ್ಯಾಯವಾದ ದರ. ಎರಡನೆಯದು, ದೂರದ ರೈತನಿಗೆ ಮಾಲು ವಾಪಸ್ ಒಯ್ಯುವ ದಾರಿ ಹೆಸರಿಗಷ್ಟೇ ಇರುತ್ತದೆ. ಒಪ್ಪದಿರುವ ಹಕ್ಕು ಕಾಗದದ ಮೇಲಿದ್ದರೂ ಮತ್ತೆ ಲಾರಿ ಬಾಡಿಗೆ ಕೊಡುವುದು ಯಾರಿಂದಾದೀತು?

ಮೂರನೆಯ ಎಳೆ ಹೆಚ್ಚು ಮುಖ್ಯ, ಸರಿಪಡಿಸಲು ಸುಲಭವಾದದ್ದೂ ಅದೇ. ಜಾನ್ ತಿಬೊ ಮತ್ತು ಲಾರೆನ್ಸ್ ವಾಕರ್ 1975ರಲ್ಲಿ, ಆ ಮೇಲೆ ಟಾಮ್ ಟೈಲರ್ ನಡೆಸಿದ ಅಧ್ಯಯನಗಳ ಪ್ರಕಾರ ಜನ ತೀರ್ಪನ್ನು ಮಾತ್ರ ತೂಗುವುದಿಲ್ಲ, ತೀರ್ಪು ಬಂದ ಬಗೆಯನ್ನೂ ತೂಗುತ್ತಾರೆ. ತಮ್ಮ ಮಾತು ಕೇಳಿದರೆ, ಕಾರಣ ಹೇಳಿದರೆ, ಗೌರವದಿಂದ ಕಂಡರೆ ಸೋತವರೂ ಸಹಿಸುತ್ತಾರೆ. ಹಿಂದೆ ಹರಾಜು ನಡೆಯುವಾಗ ರೈತ ಕೊಳ್ಳುವವನ ಮುಖ ನೋಡುತ್ತಿದ್ದ, ಕೂಗು ಏರುವುದು ನಿಲ್ಲುವುದು ಅವನ ಕಣ್ಣೆದುರೇ ಆಗುತ್ತಿತ್ತು. ಇ–ಟೆಂಡರ್ ದರಕೂಟವನ್ನು ತಡೆಯಲು ಬಂದ ಒಳ್ಳೆಯ ವ್ಯವಸ್ಥೆ. ಅದು ದರವನ್ನು ಹೇಳುತ್ತದೆ, ದರ ಯಾಕೆ ಇಳಿಯಿತು ಎಂಬುದನ್ನು ಹೇಳುವುದಿಲ್ಲ. ಆವಕದ ಚೀಲಗಳ ಸಂಖ್ಯೆ, ಶೀತಲಗೃಹಗಳಲ್ಲಿರುವ ದಾಸ್ತಾನು, ಹಿಂದಿನ ವಹಿವಾಟಿನ ದರ, ತೇವಾಂಶದ ಮಟ್ಟ ಇವಿಷ್ಟನ್ನು ಬೆಳಗ್ಗೆಯೇ ಕನ್ನಡ ಮತ್ತು ತೆಲುಗಿನಲ್ಲಿ ಧ್ವನಿವರ್ಧಕದಲ್ಲಿ ಹೇಳಿ, ದರ ಒಂದು ಮಿತಿಗಿಂತ ಕೆಳಗಿಳಿದ ದಿನ ಪ್ರಕಟಣೆಗೆ ಮೊದಲೇ ರೈತ ಪ್ರತಿನಿಧಿಗಳೊಡನೆ ಕೂತು ಮಾತಾಡುವ ಪದ್ಧತಿ ಇಟ್ಟರೆ, ದರ ಏರದಿದ್ದರೂ ಅನುಮಾನ ಇಳಿಯುತ್ತದೆ. ಪೊಲೀಸ್ ಬಂದೋಬಸ್ತು ಇದರ ಬದಲಿಯಲ್ಲ.

ಹಾವೇರಿಯಲ್ಲಿ 2008ರ ಜೂನ್ 10ರಂದು ನಡೆದದ್ದೂ ಈ ಅಧ್ಯಾಯಕ್ಕೆ ಸೇರಬೇಕಾದ್ದು. ಮುಂಗಾರು ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ರಾಬರ್ಟ್ ಮರ್ಟನ್ 1948ರಲ್ಲಿ ವಿವರಿಸಿದ, ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ನಿರೀಕ್ಷೆ ಎಂಬ ಕಲ್ಪನೆ ಗೊಬ್ಬರದ ಸಾಲುಗಳಿಗೆ ಚೆನ್ನಾಗಿ ಹೊಂದುತ್ತದೆ. ಗೊಬ್ಬರ ಸಾಲದು ಎಂಬ ಸುದ್ದಿ ಹಬ್ಬಿದರೆ ಎರಡು ಚೀಲ ಬೇಕಾದವರು ನಾಲ್ಕು ಕೇಳುತ್ತಾರೆ, ಮುಂದಿನ ತಿಂಗಳು ಬೇಕಾದವರು ಇಂದೇ ಬರುತ್ತಾರೆ. ಒಬ್ಬೊಬ್ಬರ ಜಾಣತನ ಕೂಡಿ ಎಲ್ಲರ ಕೊರತೆಯಾಗುತ್ತದೆ. ಆದರೆ ಒಂದು ಎಚ್ಚರ ಬೇಕು: 2008ರಲ್ಲಿ ಕೊರತೆ ನಿಜವಾಗಿಯೂ ಇತ್ತು. ನಿಜವಾದ ಕೊರತೆಯನ್ನು ರೈತರ ಮನಸ್ಸಿನ ಆತಂಕವೆಂದು ತೇಲಿಸಲು ಈ ಶಾಸ್ತ್ರವನ್ನು ಬಳಸಿದರೆ ಅದು ದುರುಪಯೋಗ.

ಸಂಘದ ಸಾಲ: ಗುಂಪಿನ ಬಲ, ಗುಂಪಿನ ಭಾರ

ಕಿರುಸಾಲದ ವ್ಯವಸ್ಥೆ ಸಾಮಾಜಿಕ ಮನೋವಿಜ್ಞಾನದ ಅತ್ಯಂತ ದೊಡ್ಡ ಅನ್ವಯ ಎನ್ನಬಹುದು. ಆಸ್ತಿ ಅಡವಿಡಲಾಗದ ಮಹಿಳೆಯರು ಗುಂಪು ಕಟ್ಟುತ್ತಾರೆ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಹೊಣೆ. ಅಡಮಾನದ ಜಾಗದಲ್ಲಿ ಇಲ್ಲಿ ಕೂತಿರುವುದು ನೆರೆಹೊರೆಯ ನಂಟು. ಈ ಪದ್ಧತಿ ಹೆಸರಾದದ್ದು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನಿಂದ; ಆ ಬ್ಯಾಂಕಿಗೂ ಅದರ ಸ್ಥಾಪಕ ಮೊಹಮ್ಮದ್ ಯೂನುಸ್ ಅವರಿಗೂ 2006ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಕರ್ನಾಟಕದಲ್ಲಿ 2000–01ರಲ್ಲಿ ಶುರುವಾದ ಸ್ತ್ರೀಶಕ್ತಿ ಗುಂಪುಗಳು ಉಳಿತಾಯವನ್ನು ಮೊದಲಿಟ್ಟು ಸಾಲವನ್ನು ಆಮೇಲಿಟ್ಟವು. ಖಾಸಗಿ ಕಿರುಸಾಲ ಕಂಪನಿಗಳದು ಸಾಲದಿಂದಲೇ ಆರಂಭ.

2025ರ ಜನವರಿಯಲ್ಲಿ ಈ ಭಾರ ಒಡೆದು ಹೊರಬಂತು. ವಸೂಲಿಗಾರರ ಕಿರುಕುಳಕ್ಕೆ ಊರು ಬಿಟ್ಟವರು, ಜೀವ ಕಳೆದುಕೊಂಡವರ ಸುದ್ದಿ ರಾಜ್ಯದ ಹಲವು ಜಿಲ್ಲೆಗಳಿಂದ ಬರುತ್ತಿದ್ದಾಗ, ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಯವರಿಗೆ ಮಾಂಗಲ್ಯ ಸರಗಳನ್ನೇ ಅಂಚೆಯಲ್ಲಿ ಕಳಿಸಿ ಪ್ರತಿಭಟಿಸಿದರು. ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಪಡೆದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿತು.

ಕಾನೂನು ವಸೂಲಿಗಾರನನ್ನು ಹಿಡಿಯುತ್ತದೆ. ಬಾಗಿಲ ಮುಂದೆ ಬಂದು ಕೂರುವ ಗುಂಪಿನ ಹೆಂಗಸರನ್ನು, ಅಂದರೆ ಅಕ್ಕಪಕ್ಕದ ಮನೆಯವರನ್ನೇ, ಏನು ಮಾಡೋಣ? ಅವರು ಕೆಟ್ಟವರಲ್ಲ. 'ನಿನ್ನ ಕಂತು ನಾವ್ ಎಲ್ಲಿಂದ ತರೋಣು ಬೇ' ಎನ್ನುವಾಗ ಅವರ ಸಂಕಟವೂ ನಿಜ. ಸಂದರ್ಭವೇ ಗೆಳತಿಯರನ್ನು ಒಬ್ಬರ ಮೇಲೊಬ್ಬರು ಕಾವಲು ಕೂರುವಂತೆ ಮಾಡಿದೆ. ಗುಂಪು ಹೊಣೆಗಾರಿಕೆ ಇಲ್ಲದಿದ್ದರೆ ಸಾಲ ಮುಳುಗುತ್ತದೆ ಎಂಬ ವಾದಕ್ಕೆ ಫಿಲಿಪ್ಪೀನ್ಸ್‌ನಿಂದ ಉತ್ತರವಿದೆ. ಅಲ್ಲಿ ಕ್ಸೇವಿಯರ್ ಜಿನೆ ಮತ್ತು ಡೀನ್ ಕಾರ್ಲನ್ ಒಂದು ಬ್ಯಾಂಕಿನ ಕೇಂದ್ರಗಳಲ್ಲಿ ಗುಂಪು ಹೊಣೆಯನ್ನು ತೆಗೆದು ವೈಯಕ್ತಿಕ ಹೊಣೆ ತಂದು ನೋಡಿದರು. ಸಭೆಗಳು ಮೊದಲಿನಂತೆಯೇ ನಡೆದವು. ಬಾಕಿ ಹೆಚ್ಚಲಿಲ್ಲ. ಗ್ರಾಮೀಣ ಬ್ಯಾಂಕ್ ಕೂಡ 2000ದ ದಶಕದ ಆರಂಭದಲ್ಲಿ ತನ್ನ ಪದ್ಧತಿ ಬದಲಿಸಿ ಗುಂಪು ಹೊಣೆಯನ್ನು ಕೈಬಿಟ್ಟಿತು. ಇನ್ನೊಂದು ಕಡೆ ಕೋಲ್ಕತ್ತದಲ್ಲಿ ನಡೆದ ಅಧ್ಯಯನದಲ್ಲಿ, ತಿಂಗಳಿಗೊಮ್ಮೆ ಸೇರಿದ ಗುಂಪುಗಳಿಗಿಂತ ವಾರಕ್ಕೊಮ್ಮೆ ಸೇರಿದ ಗುಂಪುಗಳ ಮಹಿಳೆಯರು ಸಭೆಯ ಹೊರಗೂ ಹೆಚ್ಚು ಒಡನಾಡಿದರು, ಮುಂದಿನ ಸಾಲದಲ್ಲಿ ಬಾಕಿ ಉಳಿಸಿಕೊಂಡದ್ದೂ ಕಡಿಮೆ. ಎರಡನ್ನೂ ಜೊತೆಗಿಟ್ಟು ನೋಡಿದರೆ, ಸಾಲ ತೀರುವುದು ಒಡನಾಟದಿಂದ. ಭಯವನ್ನು ತೆಗೆದರೂ ಒಡನಾಟ ಉಳಿದರೆ ಸಾಲ ತೀರುತ್ತದೆ.

ವದಂತಿ ಮತ್ತು ಕಾರ್ಣಿಕ

ವದಂತಿಯ ಅಧ್ಯಯನದಲ್ಲಿ ಭಾರತದ ಕೊಡುಗೆ ದೊಡ್ಡದು. 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಸಂಗ್ರಹಿಸಿ ಮರುವರ್ಷ ಪ್ರಕಟಿಸಿದರು. ಭೂಮಿ ನಡುಗಿದ್ದು ಗೊತ್ತಾಗಿಯೂ ಹಾನಿಯಾಗದ ಊರುಗಳಲ್ಲಿ, ಇನ್ನೂ ದೊಡ್ಡ ಅನಾಹುತ ಬರಲಿದೆ ಎಂಬ ಸುದ್ದಿಗಳು ಹರಡಿದ್ದವು. ಹೆದರಿದವರು ಇನ್ನಷ್ಟು ಹೆದರಿಸುವ ಸುದ್ದಿಯನ್ನೇಕೆ ನಂಬುತ್ತಾರೆ? ಈ ಒಗಟನ್ನು ಬಿಡಿಸಲು ಹೊರಟ ಲಿಯಾನ್ ಫೆಸ್ಟಿಂಗರ್, ವದಂತಿ ಭಯ ಹುಟ್ಟಿಸುವುದಿಲ್ಲ, ಆಗಲೇ ಇರುವ ಭಯಕ್ಕೆ ಕಾರಣ ಒದಗಿಸುತ್ತದೆ ಎಂಬ ಹೊಳಹಿಗೆ ಬಂದ. 1957ರಲ್ಲಿ ಅವನು ಮಂಡಿಸಿದ ಅರಿವಿನ ವಿಸಂಗತಿಯ ಸಿದ್ಧಾಂತ ಬೆಳೆದದ್ದು ಇಲ್ಲಿಂದ.

2024ರ ಅಕ್ಟೋಬರ್ 30ರ ರಾತ್ರಿ ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ, ಆಸ್ತಿಗಳನ್ನು ವಕ್ಫ್ ಹೆಸರಿಗೆ ದಾಖಲಿಸುತ್ತಾರೆಂಬ ಮಾತು ಹಬ್ಬಿ ಮುಸ್ಲಿಂ ಕುಟುಂಬಗಳ ಮನೆಗಳ ಮೇಲೆ ಕಲ್ಲು ತೂರಾಟ ನಡೆಯಿತು. ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ 1947ರಲ್ಲಿ ಹೇಳಿದಂತೆ ವದಂತಿಯ ಬಲ ಎರಡರ ಗುಣಲಬ್ಧ: ವಿಷಯ ಎಷ್ಟು ಮುಖ್ಯ, ಎಷ್ಟು ಅಸ್ಪಷ್ಟ. ಮನೆ, ಹೊಲ, ಪಹಣಿಗಿಂತ ಮುಖ್ಯವಾದದ್ದು ಹಳ್ಳಿಯಲ್ಲಿ ಇಲ್ಲ. ಅದನ್ನು ಕಡಿಮೆ ಮಾಡಲು ಬರುವುದಿಲ್ಲ. ಅಸ್ಪಷ್ಟತೆಯನ್ನು ಕಡಿಮೆ ಮಾಡಲು ಬರುತ್ತದೆ. ಯಾವ ಸರ್ವೆ ನಂಬರಿಗೆ ನೋಟಿಸ್, ಯಾವುದಕ್ಕಿಲ್ಲ ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಹಚ್ಚುವುದು ಹತ್ತು ಶಾಂತಿಸಭೆಗಿಂತ ಮೇಲು, ಅದೂ ಸುದ್ದಿ ಹಬ್ಬುವ ಮೊದಲೇ. 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರೊಬ್ಬರು ಬಲಿಯಾದ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಚಾಟ್‌ಗಳಿಗೆ ಕಳಿಸುವ ಮಿತಿ ತಂದಿತು. ಯಾರ ಬುದ್ಧಿಯನ್ನೂ ತಿದ್ದದೆ ದಾರಿಯನ್ನಷ್ಟೇ ಕಿರಿದು ಮಾಡಿದ ಕ್ರಮ ಅದು.

ಇದರ ಪಕ್ಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರ್ಣಿಕವನ್ನು, ಅಂದರೆ ಭವಿಷ್ಯನುಡಿಯನ್ನು, ಇಟ್ಟು ನೋಡಬೇಕು. ದಸರೆಯ ವೇಳೆ ಮಾಲತೇಶ ದೇವರ ಸನ್ನಿಧಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಾನೆ. ನೆರೆದ ಸಾವಿರಾರು ಜನ ಒಮ್ಮೆಲೇ ಮೌನವಾಗುತ್ತಾರೆ. ಅವನು ಹೇಳುವುದು ಒಂದೇ ಸಾಲು. ಆಮೇಲೆ ವಾರಗಟ್ಟಲೆ ಅದರ ಅರ್ಥದ ಚರ್ಚೆ: ಮಳೆ ಬೆಳೆಗೆ ರೈತರದೊಂದು ಅರ್ಥ, ವ್ಯಾಪಾರಕ್ಕೆ ವರ್ತಕರದೊಂದು, ಸರ್ಕಾರದ ಅಳಿವು ಉಳಿವಿಗೆ ರಾಜಕಾರಣಿಗಳದೊಂದು. ಘಟನೆ ನಡೆದ ಮೇಲೆ ಅದು ಮೊದಲೇ ಗೊತ್ತಿತ್ತು ಅನ್ನಿಸುವ ಮನಸ್ಸಿನ ಒಲವನ್ನು ಬರೂಕ್ ಫಿಶಾಫ್ 1975ರಲ್ಲಿ ಪ್ರಯೋಗದಿಂದ ತೋರಿಸಿದ್ದಾನೆ. ನುಡಿ ನಿಜವಾಯಿತು ಎಂಬ ಅನುಭವದಲ್ಲಿ ಈ ಒಲವಿನ ಪಾಲಿದೆ. ಆದರೆ ಕಾರ್ಣಿಕವನ್ನು ವದಂತಿಯ ಸಾಲಿಗೆ ಸೇರಿಸುವುದು ತಪ್ಪು. ಹೇಳುವವನು ಯಾರೆಂದು ಎಲ್ಲರಿಗೂ ಗೊತ್ತು, ಹೊತ್ತು ಗೊತ್ತು, ಎಲ್ಲರೂ ಒಂದೇ ಮಾತನ್ನು ಒಟ್ಟಿಗೆ ಕೇಳುತ್ತಾರೆ, ಅರ್ಥವನ್ನು ಕಟ್ಟೆಯ ಮೇಲೆ ಬಹಿರಂಗವಾಗಿ ವಾದಿಸುತ್ತಾರೆ. ವದಂತಿಗೆ ಈ ನಾಲ್ಕೂ ಇರುವುದಿಲ್ಲ. ಅನಿಶ್ಚಯವನ್ನು ಒಬ್ಬೊಬ್ಬರೇ ಹೊತ್ತು ಬೆದರುವ ಬದಲು ಎಲ್ಲರೂ ಕೂಡಿ ಮಾತಾಡಿಕೊಳ್ಳುವ ಒಂದು ಏರ್ಪಾಡಾಗಿ ಇದನ್ನು ಅಧ್ಯಯನ ಮಾಡಬೇಕು.

ಹೊಸತು ಹರಡುವ ದಾರಿ

ರಾಣೆಬೆನ್ನೂರು ಸುತ್ತಲಿನ ಹಳ್ಳಿಗಳು ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾದವು. ಬ್ಯಾಡಗಿ ಪೇಟೆಗೆ ಬರುವ ಕಾಯಿಯಲ್ಲಿ ಹಳೆಯ ಕಡ್ಡಿ, ಡಬ್ಬಿಗಳ ಜೊತೆ ಕಂಪನಿಗಳ ಹೈಬ್ರಿಡ್ ತಳಿಗಳ ಪಾಲು ಬೆಳೆದಿದೆ. ರೈತ ಬೀಜ ಆರಿಸುವುದು ಇಳುವರಿಯ ಲೆಕ್ಕ ಹಾಕಿಯೇ ಎಂದು ಹೊರಗಿನವರು ಭಾವಿಸುತ್ತಾರೆ. ಗ್ಲೆನ್ ಸ್ಟೋನ್ ತೆಲಂಗಾಣದ ವಾರಂಗಲ್ ಜಿಲ್ಲೆಯ ಹತ್ತಿ ಬೆಳೆಗಾರರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಡುತ್ತದೆ. ಒಂದು ಹಳ್ಳಿಯಲ್ಲಿ ಒಂದು ವರ್ಷ ಬಹುತೇಕ ಎಲ್ಲರೂ ಒಂದೇ ಬ್ರ್ಯಾಂಡಿನ ಬೀಜ ಕೊಳ್ಳುತ್ತಾರೆ, ಮುಂದಿನ ವರ್ಷ ಎಲ್ಲರೂ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ; ಪಕ್ಕದ ಹಳ್ಳಿಯಲ್ಲಿ ಬೇರೆಯದೇ ಬ್ರ್ಯಾಂಡು. ಬೀಜಗಳ ಹೆಸರು ಬೇಗ ಬೇಗ ಬದಲಾಗುವಾಗ ಸ್ವಂತ ಅನುಭವದಿಂದ ಕಲಿಯಲು ವ್ಯವಧಾನವೇ ಸಿಗದೆ ಪಕ್ಕದವರನ್ನು ನೋಡಿ ಬಿತ್ತುವುದೊಂದೇ ಉಳಿಯುತ್ತದೆ.

ಪಕ್ಕದವರನ್ನು ನೋಡಿ ಕಲಿಯುವುದೇ ದಾರಿಯಾದರೆ ಯಾರಿಂದ ಶುರುಮಾಡಬೇಕು? ಇದಕ್ಕೆ ಕರ್ನಾಟಕದಲ್ಲೇ ನಡೆದ ದೊಡ್ಡ ಪ್ರಯೋಗವಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಅರುಣ್ ಚಂದ್ರಶೇಖರ್, ಮ್ಯಾಥ್ಯೂ ಜಾಕ್ಸನ್ 213 ಹಳ್ಳಿಗಳಲ್ಲಿ ಒಂದು ಲಾಟರಿ ಸ್ಪರ್ಧೆಯ ಸುದ್ದಿಯನ್ನು ಬೆರಳೆಣಿಕೆಯ ಜನರಿಗೆ ಮಾತ್ರ ತಿಳಿಸಿ, ಎಷ್ಟು ಫೋನ್ ಕರೆ ಬರುತ್ತವೆಂದು ಕಾದರು. ಕೆಲವು ಹಳ್ಳಿಗಳಲ್ಲಿ ಚೀಟಿ ಎತ್ತಿದಂತೆ ಆರಿಸಿದವರಿಗೆ, ಕೆಲವೆಡೆ ಊರ ಹಿರಿಯರಿಗೆ, ಇನ್ನು ಕೆಲವೆಡೆ 'ಸುದ್ದಿ ಮುಟ್ಟಿಸಬೇಕಾದರೆ ಯಾರಿಗೆ ಹೇಳಬೇಕು' ಎಂದು ಊರವರನ್ನೇ ಕೇಳಿ ಅವರು ಹೆಸರಿಸಿದವರಿಗೆ ಸುದ್ದಿ ಕೊಟ್ಟಿದ್ದರು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಊರವರು ಹೆಸರಿಸಿದವರೇ ಮುಂದು. ಹಿರಿಯರಿಂದ ಅಂಥ ಅನುಕೂಲವಾಗಲಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ. ಪ್ರಗತಿಪರ ರೈತರೆಂಬ ಹಳೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು ಹಳ್ಳಿಯವರಿಗೇ ಈ ಪ್ರಶ್ನೆ ಕೇಳಿದರೆ, ಬಹುಶಃ ಚಹಾದಂಗಡಿಯವನ, ಆಶಾ ಕಾರ್ಯಕರ್ತೆಯ, ಹಾಲಿನ ಡೇರಿಯಲ್ಲಿ ಬರೆಯುವವಳ ಹೆಸರು ಮೊದಲು ಬಂದೀತು.

ಹೊಸತು ಕೆಲವರಿಂದಲೇ ಶುರುವಾಗುತ್ತದೆ ಎಂಬುದನ್ನು ಸರ್ಜ್ ಮಾಸ್ಕೊವಿಚಿ 1969ರಲ್ಲಿ ಪ್ರಯೋಗಕ್ಕೆ ಒಳಪಡಿಸಿದ: ಅಲ್ಪಸಂಖ್ಯೆಯವರು ಬಹುಸಂಖ್ಯೆಯವರನ್ನು ಅಲುಗಿಸಬಲ್ಲರು, ಆದರೆ ಮಾತು ಬದಲಿಸಬಾರದು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಒಬ್ಬನ ಪಟ್ಟು ಸುತ್ತಲಿನ ಹಳ್ಳಿಗಳ ನಡೆಯನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಈ ಸೀಮೆ ಪ್ರಯೋಗಾಲಯದ ಸಾಕ್ಷ್ಯಕ್ಕೆ ಕಾಯಬೇಕಿಲ್ಲ.

ರೂಢಿ ತಿದ್ದುವುದು: ಹೆಲ್ಮೆಟ್, ಶೌಚಾಲಯ, ಹೋರಿ ಹಬ್ಬ

ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1990ರಲ್ಲಿ ಎರಡು ಬಗೆಯ ರೂಢಿಗಳನ್ನು ಬೇರೆ ಮಾಡಿ ತೋರಿಸಿದರು. ಜನ ಏನು ಮಾಡುತ್ತಿದ್ದಾರೆ ಎಂಬುದು ಒಂದು, ಏನು ಮಾಡಬೇಕೆಂದು ಮೆಚ್ಚುತ್ತಾರೆ ಎಂಬುದು ಇನ್ನೊಂದು. ಕಸ ಬಿದ್ದ ಜಾಗದಲ್ಲಿ ಕಸ ಹಾಕುವವರು ಹೆಚ್ಚು. 'ಎಲ್ಲರೂ ಇಲ್ಲೇ ಕಸ ಚೆಲ್ಲುತ್ತಿದ್ದೀರಿ, ನಾಚಿಕೆಯಾಗಬೇಕು' ಎಂಬ ಫಲಕ ಆದ್ದರಿಂದಲೇ ಸೋಲುತ್ತದೆ. ಅದು ಬೈಯುತ್ತಲೇ, ಎಲ್ಲರೂ ಚೆಲ್ಲುತ್ತಾರೆ ಎಂಬ ಸುದ್ದಿಯನ್ನೂ ಕೊಡುತ್ತದೆ. ಹೆಲ್ಮೆಟ್ ಧರಿಸದವರು ಇಷ್ಟು ಸಾವಿರ ಎಂಬ ಪ್ರಕಟಣೆಯದೂ ಇದೇ ಪಾಡು. 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿರುವ ರಾಜ್ಯದಲ್ಲಿ, ಹೆದ್ದಾರಿಯಲ್ಲಿ ಹೆಲ್ಮೆಟ್ ಇದ್ದು ಊರೊಳಗೆ ಬಂದೊಡನೆ ತೆಗೆಯುವವರಿಗೆ ಕಾನೂನು ಗೊತ್ತಿಲ್ಲವೆಂದಲ್ಲ. ಊರೊಳಗೆ ಯಾರೂ ಹಾಕಿಲ್ಲ, ಅಷ್ಟೆ.

ವಿದ್ಯುತ್ ಬಳಕೆಯ ಬಗ್ಗೆ ಕ್ಯಾಲಿಫೋರ್ನಿಯಾದಲ್ಲಿ ನಡೆದ 2007ರ ಅಧ್ಯಯನ ಇನ್ನೊಂದು ಎಚ್ಚರ ಹೇಳುತ್ತದೆ. ನೆರೆಯವರ ಸರಾಸರಿ ತಿಳಿಸಿದಾಗ ಹೆಚ್ಚು ಬಳಸುತ್ತಿದ್ದವರು ಇಳಿಸಿದರು, ಕಡಿಮೆ ಬಳಸುತ್ತಿದ್ದವರು ಏರಿಸಿದರು. ಕಡಿಮೆ ಬಳಸಿದವರಿಗೆ ಮೆಚ್ಚುಗೆಯ ಒಂದು ನಗುಮುಖ ಮುದ್ರಿಸಿದ್ದೇ ತಡ ಏರಿಕೆ ನಿಂತಿತು. 2023ರಿಂದ ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಬಹಳಷ್ಟು ಮನೆಗಳ ಬಿಲ್ಲು ಸೊನ್ನೆಯಾಗಿದೆ. ದುಡ್ಡಿನ ಅಂಕುಶ ಇಲ್ಲದಿರುವಾಗ ಮೆಚ್ಚುಗೆಯ ಗುರುತು ಮುದ್ರಿಸಿ ನೋಡುವುದು ಇಲ್ಲಿಯ ವಿದ್ಯುತ್ ಕಂಪನಿ ಹೆಸ್ಕಾಂಗೆ ಭಾರವಾಗಲಾರದು.

ಶೌಚಾಲಯದ ವಿಷಯ ಕಠಿಣ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನ ಕಟ್ಟಡಗಳನ್ನು ಕಟ್ಟಿಸಿತು. ಅದೇ ವರ್ಷ ಉತ್ತರ ಭಾರತದ ಐದು ರಾಜ್ಯಗಳಲ್ಲಿ ನಡೆದ ಸಮೀಕ್ಷೆಯಂತೆ, ಬಳಸಬಹುದಾದ ಶೌಚಾಲಯವಿದ್ದ ಮನೆಗಳಲ್ಲೂ ನೂರಕ್ಕೆ 40ರಲ್ಲಿ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಇದರ ಬೇರು ಹುಡುಕಿದ್ದು ಮಡಿ–ಮೈಲಿಗೆಯಲ್ಲಿ, ಗುಂಡಿ ತುಂಬಿದರೆ ಬಳಿಯುವವರು ಯಾರು ಎಂಬ ಜಾತಿಯ ಪ್ರಶ್ನೆಯಲ್ಲಿ. ಸೀಟಿ ಊದಿ, ಬಯಲಿಗೆ ಹೋದವರನ್ನು ಊರೆದುರು ನಾಚಿಸಿದ ಪದ್ಧತಿ ದೇಶದ ಹಲವೆಡೆ ನಡೆಯಿತು. ಕಿರುಸಾಲದ ಬಾಗಿಲಲ್ಲಿ ನಡೆದದ್ದೂ ಇದೇ ಅವಮಾನ. ನಾಚಿಸುವ ಬದಲು, ಎರಡು ಗುಂಡಿಗಳನ್ನು ಸರದಿಯಲ್ಲಿ ಬಳಸಿದರೆ ತುಂಬಿದ ಗುಂಡಿಯಲ್ಲಿ ಉಳಿಯುವುದು ವಾಸನೆಯಿಲ್ಲದ ಗೊಬ್ಬರ ಎಂಬುದನ್ನು ಊರವರ ಕೈಗೇ ಕೊಟ್ಟು ತೋರಿಸಬೇಕಾಗುತ್ತದೆ.

ದೀಪಾವಳಿಯಿಂದ ಆರಂಭವಾಗುವ ಹೋರಿ ಬೆದರಿಸುವ ಹಬ್ಬ ಹಾವೇರಿ ಸೀಮೆಯ ಹೆಮ್ಮೆ. ಕೊಬ್ಬರಿ ಹಾರ, ಬಲೂನು, ಝೂಲ ತೊಟ್ಟು ಓಡುವ ಹೋರಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ. ಅಖಾಡದಲ್ಲಿ ಸಾವು ನೋವುಗಳೂ ವರದಿಯಾಗುತ್ತಲೇ ಇವೆ, ಸತ್ತವರಲ್ಲಿ ಬರೀ ನೋಡಲು ನಿಂತವರೂ ಇರುತ್ತಾರೆ. ರಾಬರ್ಟ್ ಝಯಾಂಕ್ 1965ರಲ್ಲಿ ವಿವರಿಸಿದಂತೆ ನೋಡುವವರ ಇರವು ಪಳಗಿದವನ ಕೈಚಳಕವನ್ನು ಹೆಚ್ಚಿಸುತ್ತದೆ, ಪಳಗದವನ ತಪ್ಪುಗಳನ್ನೂ ಹೆಚ್ಚಿಸುತ್ತದೆ. ಹೋರಿ ಹಿಡಿಯಲು ಬಲ್ಲವನಿಗೆ ಕೇಕೆ ಬಲ ಕೊಟ್ಟರೆ, ಮೊಬೈಲ್ ಹಿಡಿದು ದಾರಿಗೆ ಇಳಿದ ಹುಡುಗನಿಗೆ ಅದೇ ಕೇಕೆ ಕಂಟಕ. ನಿಷೇಧದ ಮಾತು ಇಲ್ಲಿ ನಡೆಯದು. ಬೇಲಿಯಾಚೆ ನಿಂತವನನ್ನು ಹೇಡಿ ಎನ್ನುವ ಬಾಯಿಗಳನ್ನು ಮುಚ್ಚಿಸಬೇಕಾದವರು ಹೆಸರಾಂತ ಪೈಲ್ವಾನರೇ. ಪೊಲೀಸರ ಮಾತಿಗೆ ಆ ತೂಕವಿಲ್ಲ.

ಮಿತಿಗಳು

ಮನೋವಿಜ್ಞಾನದ ಪ್ರಯೋಗಗಳ ಬಹುಪಾಲು ಪಾಶ್ಚಾತ್ಯ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದವು ಎಂದು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ಎಚ್ಚರಿಸಿದರು. 2015ರಲ್ಲಿ 100 ಅಧ್ಯಯನಗಳನ್ನು ಮತ್ತೆ ನಡೆಸಿದಾಗ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿನವು ಮಾತ್ರ ಮೊದಲಿನ ಫಲಿತಾಂಶ ಕೊಟ್ಟವು. ಸಾಮಾಜಿಕ ಮನೋವಿಜ್ಞಾನದ ಪಾಲು ಇನ್ನೂ ಕಡಿಮೆ. ಹೊರಗೆ ಗೆದ್ದ ಉಪಾಯ ಬ್ಯಾಡಗಿಯಲ್ಲೂ ಗೆಲ್ಲುತ್ತದೆಂದು ನಂಬದೆ ಸಣ್ಣದಾಗಿ ಮಾಡಿ, ಅಳೆದು, ಆಮೇಲೆ ಹಿಗ್ಗಿಸಬೇಕು. ಬಡತನ, ಬೆಲೆ, ಮಳೆಗಳನ್ನು ಮನಸ್ಸಿನ ಸಮಸ್ಯೆಯೆಂದು ಬಗೆದರೆ ಶಾಸ್ತ್ರ ಅಧಿಕಾರದ ಊಳಿಗಕ್ಕೆ ಬೀಳುತ್ತದೆ.

ಜಾತಿ ಮತ್ತು ಒಡನಾಟ

ಕನಕದಾಸರು ನೆಲೆಸಿದ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಕುಲದ ಹೊಡೆದಾಟವನ್ನು ಐದು ಶತಮಾನಗಳ ಹಿಂದೆಯೇ ಪ್ರಶ್ನಿಸಿದ ನೆಲದಲ್ಲಿ ಕೇರಿಗಳು ಇಂದಿಗೂ ಬೇರೆ ಬೇರೆ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ, ಸಮಾನ ಸ್ಥಾನ, ಒಂದೇ ಗುರಿ, ಸಹಕಾರ, ಮೇಲಿನವರ ಒಪ್ಪಿಗೆ ಇದ್ದರೆ ಒಡನಾಟ ಪೂರ್ವಗ್ರಹವನ್ನು ತಗ್ಗಿಸುತ್ತದೆ ಎಂದ. ಕರ್ನಾಟಕದ ಶಾಲೆಗಳಲ್ಲಿ 2002–03ರಿಂದ ನಡೆದಿರುವ ಅಕ್ಷರ ದಾಸೋಹದ ಸಹಪಂಕ್ತಿ ಈ ನಾಲ್ಕು ಷರತ್ತುಗಳಿಗೆ ಹತ್ತಿರದ್ದು. ಅಡುಗೆಯವಳ ಜಾತಿ ನೋಡಿ ಮಕ್ಕಳನ್ನು ಊಟದಿಂದ ಎಬ್ಬಿಸುವ ಪಾಲಕರು ಸುದ್ದಿಯಾದಾಗ ಮುರಿಯುವುದು ನಾಲ್ಕನೆಯ ಷರತ್ತು. ಅಲ್ಲಿ ಮುಖ್ಯ ಶಿಕ್ಷಕ ತಾನೇ ಆ ಪಂಕ್ತಿಯಲ್ಲಿ ಕೂತು ಉಣ್ಣುವುದು ಯಾವ ಸುತ್ತೋಲೆಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಕ್ರಿಕೆಟ್ ಲೀಗ್‌ಗಳನ್ನು ಏರ್ಪಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಇನ್ನಷ್ಟು ಖಚಿತ ಮಾಡಿತು. ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದ ಯುವಕರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಕಂಡವರಲ್ಲಿ ಅದು ತಗ್ಗಿತು. ರಾಣೆಬೆನ್ನೂರು, ಹಾವೇರಿ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆ, ಜಯಂತಿಗಳ ಹೊತ್ತಿಗೆ ನಡೆಯುವ ಕ್ರಿಕೆಟ್, ಕಬಡ್ಡಿ ಪಂದ್ಯಗಳಿಗೆ ತಂಡಗಳು ಕಟ್ಟುವುದು ಹೆಚ್ಚಾಗಿ ಓಣಿ, ಕೇರಿ, ಗೆಳೆಯರ ಬಳಗದ ಹೆಸರಿನಲ್ಲಿ. ಹೆಸರು ಕೊಟ್ಟ ಹುಡುಗರನ್ನೆಲ್ಲ ಒಂದು ಪಟ್ಟಿಗೆ ಸೇರಿಸಿ, ಚೀಟಿ ಎತ್ತಿ, ಎಲ್ಲ ಕೇರಿಯವರೂ ಇರುವಂತೆ ತಂಡ ಕಟ್ಟಿದರೆ ಪಂದ್ಯಾವಳಿಯ ಖರ್ಚು ಒಂದು ರೂಪಾಯಿಯೂ ಏರುವುದಿಲ್ಲ.